ಟಿಕೆಟ್ ಇಲ್ಲ ಅಂದ್ರ ನೀ ಬಂದೇ ಇಲ್ಲ: ದೇವರಗುಡ್ಡ ಸ್ಟೇಷನ್ನಿನ ಮುಂದ ನಿಂತು

ಭಾಗ 1
📷 ಹಳದಿ ಬೋರ್ಡು, ಖಾಲಿ ಪ್ಲಾಟ್‌ಫಾರ್ಮು

ದೋಸ್ತ್ರ, ಹೋದ ವಾರ ಈ ಫೋಟೋ ಸ್ಟೋರಿಗೆ ಹಾಕಿದಾಗ ನಿಮ್ಮಲ್ಲಿ ಸುಮಾರು ಮಂದಿ ಕೇಳಿದ್ದು ಒಂದೇ ಮಾತು: "ಲೇ, ದೇವರಗುಡ್ಡಕ್ಕ ರೈಲ್ವೆ ಸ್ಟೇಷನ್ ಬ್ಯಾರೆ ಐತೇನು?"

ಐತಿ. ರಾಣೆಬೆನ್ನೂರು ದಾಟಿ ಹುಬ್ಬಳ್ಳಿ ಕಡೆ ಹೊರಟರೆ, ಬ್ಯಾಡಗಿ ಬರೋಕ್ಕಿಂತ ಮೊದಲು ಸಿಗುತ್ತೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಯಲ್ಲಿ ಹೆಸರು ಬರೆದ ಹಳದಿ ಬೋರ್ಡು. ದಾವಣಗೆರೆಗೆ, ಹುಬ್ಬಳ್ಳಿಗೆ, ಬೆಂಗಳೂರಿಗೆ ಅಂತ ನೀವು ಈ ಬೋರ್ಡಿನ ಮುಂದೆ ನೂರು ಸಲ ಹಾದು ಹೋಗಿರ್ತೀರಿ. ಕಣ್ಣು ಮೊಬೈಲ್ ಮೇಲೆ ಇರುತ್ತೆ, ಬೋರ್ಡು ಹಿಂದೆ ಓಡುತ್ತೆ.

ನಾನು ಅವತ್ತು ಅಲ್ಲಿ ನಿಂತಿದ್ದಾಗ ವಂದೇ ಭಾರತ್ ಹೋಯ್ತು. 2023ರ ಜೂನ್ 27ರಿಂದ ನಮ್ಮ ಹಳಿ ಮೇಲೆ ಓಡ್ತಿರೋ ಗಾಡಿ. ಧೂಳು ಎದ್ದು, ಧೂಳು ಕೂರೋದರೊಳಗ ಗಾಡಿ ಮಾಯ. ಅದು ಇಲ್ಲಿ ನಿಲ್ಲಲ್ಲ, ನಿಲ್ಲಬೇಕು ಅಂತ ನಾನೂ ಹೇಳ್ತಿಲ್ಲ. ಆದರೆ ಆ ಧೂಳಿನ್ಯಾಗ ನಿಂತಾಗ ಒಂದು ಪ್ರಶ್ನೆ ಬಂತು.

ಒಂದು ಸಣ್ಣ ಸ್ಟೇಷನ್ ಸಾಯೋದು ಯಾವಾಗ? ಬೀಗ ಹಾಕಿದ ದಿನಾನಾ? ಅಥವಾ ಅದಕ್ಕಿಂತ ಭಾಳ ಮೊದಲೇನಾ?

ಈ ಸರಣಿ ಪೂರ್ತಿ ಅದರ ಬಗ್ಗೆ. ಸ್ವಲ್ಪ ಉದ್ದ ಐತಿ. ಸೇವ್ ಮಾಡ್ಕೊಂಡು ನಿಧಾನಕ್ಕ ಓದ್ರಿ.

ಭಾಗ 2
📷 ಹಳಿ, ಎರಡೂ ಕಡೆ ಕರಿ ಮಣ್ಣಿನ ಹೊಲ

ಮೊದಲು ಇತಿಹಾಸ. ಈ ಹಳಿ ಇಲ್ಲಿಗೆ ಯಾಕೆ ಬಂತು ಗೊತ್ತಾ?

ಒಂದು ಕಾರಣ ಹಸಿವು. 1876ರಿಂದ 1878ರವರೆಗೆ ದಕ್ಷಿಣ ಭಾರತಕ್ಕೆ ಮಹಾ ಬರ ಬಿತ್ತು. ಹಳೆ ಮೈಸೂರು, ಧಾರವಾಡ, ಬಿಜಾಪುರ ಸೀಮೆಯಲ್ಲಿ ಜನ ಊರೂರೇ ಖಾಲಿ ಮಾಡಿ ಹೊರಟರು. ಎತ್ತಿನ ಬಂಡಿ ಮೇಲೆ ಕಾಳು ಸಾಗಿಸೋಣ ಅಂದರೆ ದಾರಿಯಲ್ಲಿ ಎತ್ತಿಗೇ ಮೇವಿಲ್ಲ. ಆಮೇಲೆ ಕೂತ ಕ್ಷಾಮ ಆಯೋಗ 1880ರಲ್ಲಿ ಹೇಳಿದ ಮಾತುಗಳಲ್ಲಿ ಒಂದು: ಬರ ಬೀಳುವ ಸೀಮೆಗೆ ರೈಲು ಬೇಕು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಬಂದ ಹಳಿ ಆ ಕಂಪನಿಯದು.

ಇನ್ನೊಂದು ಕಾರಣ ಹತ್ತಿ. ಇದನ್ನೂ ಹೇಳಲೇಬೇಕು, ಇಲ್ಲಾಂದ್ರ ಬ್ರಿಟಿಷರು ಪಾಪ ನಮ್ಮ ಹೊಟ್ಟೆಗಾಗಿ ರೈಲು ಹಾಕಿದರು ಅಂತ ಆಗಿಬಿಡುತ್ತೆ. ಧಾರವಾಡ ಸೀಮೆಯ ಹತ್ತಿ ಸಮುದ್ರ ದಾಟಬೇಕಿತ್ತು. 1888ರ ಹೊತ್ತಿಗೆ ಇದೇ ಕಂಪನಿಯ ಹಳಿ ಕ್ಯಾಸಲ್‌ರಾಕ್ ಮೂಲಕ ಗೋವಾದ ಮರ್ಮಗೋವಾ ಬಂದರಿಗೆ ಜೋಡಣೆ ಆಯ್ತು. ಬರದ ಹೆಸರಲ್ಲಿ ಬಂದ ರೈಲು ಹತ್ತಿ ಹೊತ್ತುಕೊಂಡು ಹೋಯ್ತು. ಎರಡೂ ನಿಜ.

ಆ ಕಡೆಯಿಂದ ಮೈಸೂರು ಸಂಸ್ಥಾನದ ಹಳಿ ಬೆಂಗಳೂರು, ತುಮಕೂರು, ಬೀರೂರು ದಾಟಿ 1889ರಲ್ಲಿ ಹರಿಹರ ಮುಟ್ಟಿತು. ತುಂಗಭದ್ರೆಯ ಆಚೆ ಮೈಸೂರು ಸಂಸ್ಥಾನ, ಈಚೆ ಬಾಂಬೆ ಪ್ರಾಂತ. ಅಂದರೆ ನಮ್ಮ ರಾಣೆಬೆನ್ನೂರು, ದೇವರಗುಡ್ಡ, ಬ್ಯಾಡಗಿ ಎಲ್ಲಾ ಬಾಂಬೆಗೆ ಸೇರಿದ್ದು. 1956ರ ನವೆಂಬರ್ 1ಕ್ಕೆ ಕನ್ನಡ ಮಾತಾಡೋರು ಒಂದೇ ರಾಜ್ಯ ಆದರು. ಆದರೆ ಅದಕ್ಕಿಂತ ಅರವತ್ತು ವರ್ಷಕ್ಕೂ ಹೆಚ್ಚು ಮೊದಲೇ ಆಚೆ ದಡದ ಕನ್ನಡದವರು, ಈಚೆ ದಡದ ಕನ್ನಡದವರು ಒಂದೇ ಡಬ್ಬಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ನಕಾಶೆ ಮೇಲೆ ಒಂದಾಗೋಕ್ಕಿಂತ ಮೊದಲು ಹಳಿ ಮೇಲೆ ಒಂದಾಗಿದ್ದರು ಅನ್ನಿ.

ಭಾಗ 3
📷 ಬಿದಿರಿನ ಬೆತ್ತದ ಬಳೆ (ನೆನಪಿನಿಂದ ನಾನು ಬರೆದ ಚಿತ್ರ, ನಗಬ್ಯಾಡ್ರಿ)

ಸರಿ, ರಾಣೆಬೆನ್ನೂರು ದೊಡ್ಡ ಊರು, ಬ್ಯಾಡಗಿ ಮೆಣಸಿನಕಾಯಿ ಪೇಟೆ. ಅಲ್ಲಿ ಸ್ಟೇಷನ್ ಬೇಕು. ಮಧ್ಯದಲ್ಲಿ, ಹೊಲದ ನಡುವೆ, ಯಾಕೆ?

ಇದಕ್ಕೆ ಉತ್ತರ ಊರಿನ ದೊಡ್ಡತನದಲ್ಲಿ ಇಲ್ಲ, ರೈಲಿನ ಲೆಕ್ಕದಲ್ಲಿ ಐತಿ. ಆಗ ಇದ್ದದ್ದು ಒಂದೇ ಹಳಿ. ಆ ಕಡೆಯಿಂದ ಒಂದು ಗಾಡಿ, ಈ ಕಡೆಯಿಂದ ಒಂದು ಗಾಡಿ ಬಂದರೆ ಎಲ್ಲೋ ಒಂದು ಕಡೆ ಒಂದು ಪಕ್ಕಕ್ಕೆ ಸರಿದು ನಿಲ್ಲಬೇಕು. ಅದಕ್ಕೆ ಪ್ರತಿ ಎಂಟ್ಹತ್ತು ಕಿಲೋಮೀಟರಿಗೆ ಒಂದು ಕ್ರಾಸಿಂಗ್ ಜಾಗ ಬೇಕು. ಪಕ್ಕದ ಹಳಿ, ಕಂಬದ ಮೇಲೆ ಕೈ ಎತ್ತಿ ಇಳಿಸೋ ಸಿಗ್ನಲ್, ಒಬ್ಬ ಸ್ಟೇಷನ್ ಮಾಸ್ತರ, ಒಬ್ಬ ಪಾಯಿಂಟ್ಸ್‌ಮನ್. ಹಿಂಗ ಹುಟ್ಟಿದ ಜಾಗಕ್ಕೆ ಆಮೇಲೆ ಜನ ಬಂದು ಟಿಕೆಟ್ ಕೇಳಿದರು.

ಎರಡು ಗಾಡಿ ಎದುರಾಬದುರಾ ಬರದ ಹಾಗೆ ನೋಡಿಕೊಳ್ಳೋಕೆ ಟೋಕನ್ ಅಂತ ಇತ್ತು. ಒಂದು ಲೋಹದ ಚೆಂಡು. ಎರಡು ಪಕ್ಕದ ಸ್ಟೇಷನ್ನುಗಳ ಮಧ್ಯೆ ಒಂದು ಜೋಡಿ ಯಂತ್ರ. ಮುಂದಿನ ಸ್ಟೇಷನ್ ಮಾಸ್ತರ ಒಪ್ಪಿದರೆ ಮಾತ್ರ ಈ ಕಡೆಯ ಯಂತ್ರದಿಂದ ಚೆಂಡು ಹೊರಗೆ ಬರುತ್ತೆ. ಒಂದು ಹೊರಗೆ ಬಂದರೆ ಅದು ಮತ್ತೆ ಯಂತ್ರದೊಳಗೆ ಹೋಗೋತನಕ ಇನ್ನೊಂದು ಬರಲ್ಲ. ಆ ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲಕ್ಕೆ ದೊಡ್ಡ ಬೆತ್ತದ ಬಳೆ ಕಟ್ಟಿ, ಓಡೋ ಗಾಡಿಯ ಡ್ರೈವರಿಗೆ ಕೊಡೋರು. ಡ್ರೈವರು ಬಳೆಯೊಳಗೆ ತೋಳು ತೂರಿಸಿ ಎತ್ತಿಕೊಳ್ಳೋನು. ಚೆಂಡು ಕೈಯಲ್ಲಿ ಇದ್ದರೆ ಮುಂದಿನ ಹಳಿ ನಿನ್ನದು. ಇಲ್ಲಾಂದ್ರ ಇಲ್ಲ.

ಸ್ವಲ್ಪ ಯೋಚನೆ ಮಾಡ್ರಿ. ನೀವು ಮಧ್ಯರಾತ್ರಿ ಮೇಲಿನ ಬರ್ತಿನಲ್ಲಿ ಮಲಗಿ ಬೆಂಗಳೂರಿಗೆ ಹೋಗೋವಾಗ, ಹೆಸರೂ ಗೊತ್ತಿಲ್ಲದ ಹತ್ತಾರು ಸಣ್ಣ ಸ್ಟೇಷನ್ನಿನಲ್ಲಿ ಯಾರೋ ಎದ್ದು ಕೂತಿದ್ದಕ್ಕೆ ನೀವು ಬೆಳಿಗ್ಗೆ ಜೀವಂತ ಇಳೀತಿದ್ದಿರಿ. ಆ ಸ್ಟೇಷನ್ ಸಣ್ಣದು, ಅದರ ಕೆಲಸ ಸಣ್ಣದಲ್ಲ.

ಭಾಗ 4
📷 ಅಜ್ಜನ ಹಳೆ ಸುತ್ತಿಗೆ. ಹಿಡಿಕೆ ಬದಲಾಗಿದೆ, ತಲೆ ಅದೇ

ನಮ್ಮ ಅಜ್ಜ ಈ ಹಳಿ ಮೇಲೆ ಗ್ಯಾಂಗ್‌ಮನ್ ಆಗಿದ್ದ. ಮೀಟರ್ ಗೇಜ್ ಕಾಲ. ಬೆಳಿಗ್ಗೆ ಸುತ್ತಿಗೆ, ದೊಡ್ಡ ಪಾನಾ, ಕೆಂಪು ಬಾವುಟ ತಗೊಂಡು ಹಳಿಗುಂಟ ಹೊರಟರೆ ಸಡಿಲಾದ ಕೀಲು ಬಡಿತಾ, ಜಲ್ಲಿ ಸರಿ ಮಾಡ್ತಾ ಕಿಲೋಮೀಟರುಗಟ್ಟಲೆ ನಡಿಗೆ. ಅಜ್ಜನಿಗೆ ಸ್ಟೇಷನ್ ಅಂದರೆ ನೆರಳು, ನೀರು, ಮಾಸ್ತರರ ಗಡಿಯಾರ.

ಅಜ್ಜಿಗೆ ಸ್ಟೇಷನ್ ಅಂದರೆ ತವರುಮನಿ. "ಗಾಡಿ ಶಿಳ್ಳಿ ಹೊಡದ್ರ ನಮ್ಮಪ್ಪ ಬಂದಂಗ ಆಗ್ತಿತ್ತು" ಅಂತಿದ್ದಳು.

ಇನ್ನು ದಸರಾ. ದೇವರಗುಡ್ಡ ಅಂದರೆ ಮಾಲತೇಶ, ಮೈಲಾರಲಿಂಗ. ಗೊರವಯ್ಯ ಬಿಲ್ಲು ಏರಿ ಕಾರ್ಣಿಕ ನುಡಿಯೋದು ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಈಗ ಟ್ರ್ಯಾಕ್ಟರು, ಬಸ್ಸು, ಬೈಕು. ಅಜ್ಜಿ ಹೇಳೋ ಕಾಲದಲ್ಲಿ ಕರಿ ಕಂಬಳಿ ಹೊದ್ದ ಗೊರವರು ಡಮರು ಹಿಡಿದು ಗಾಡಿಯಿಂದ ಇಳಿಯೋರಂತೆ. ಪ್ಲಾಟ್‌ಫಾರ್ಮಿನ ಮೇಲೆಲ್ಲಾ ಭಂಡಾರ, ಹಳದಿಯೋ ಹಳದಿ. "ಸ್ಟೇಷನ್ ಬೋರ್ಡಿಗೂ ಮೈಲಾರಪ್ಪನೇ ಬಣ್ಣ ಹಚ್ಚ್ಯಾನ ಅಂತ ತಿಳಕೊಂಡಿದ್ದೆ" ಅಂತ ನಗ್ತಿದ್ದಳು.

ದೊಡ್ಡ ಇತಿಹಾಸ ಬೇಕಾ? ಅದೂ ಪಕ್ಕದಲ್ಲೇ ಐತಿ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಗಾಂಧೀಜಿ ಜೊತೆ 1930ರ ದಂಡಿ ಯಾತ್ರೆಯಲ್ಲಿ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು, ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. 1942ರ ಚಳವಳಿಯಲ್ಲಿ ಕರ್ನಾಟಕದ ಹಲವು ಸಣ್ಣ ರೈಲು ನಿಲ್ದಾಣಗಳು ಹೋರಾಟಗಾರರ ಗುರಿ ಆಗಿದ್ದವು. ಯಾಕಂದ್ರ ಸರ್ಕಾರದ ತಂತಿ, ಟಪಾಲು, ಪೊಲೀಸು ಎಲ್ಲಾ ಓಡಾಡ್ತಿದ್ದದ್ದು ಇದೇ ಹಳಿ ಮೇಲೆ. ಇವತ್ತು ಹಾವೇರಿ ಸ್ಟೇಷನ್ನಿಗೆ ಮಹದೇವಪ್ಪ ಮೈಲಾರ ಅವರ ಹೆಸರೇ ಐತಿ.

ಹೊಲದ ನಡುವಿನ ಒಂದು ಹಳಿ, ಅದರ ಸುತ್ತ ಇಷ್ಟು ಜನ.

ಭಾಗ 5
📷 ಹಳೆ ಗಾಡಿ ಟೈಮ್ ಟೇಬಲ್, ಅರ್ಧ ಹರಿದದ್ದು

ಹಂಗಾದ್ರ ಏನಾಯ್ತು? ಯಾರೂ ಬಂದು "ಇವತ್ತಿಂದ ಸಣ್ಣ ಸ್ಟೇಷನ್ ಬ್ಯಾಡ" ಅಂತ ಡಂಗುರ ಹೊಡೆಯಲಿಲ್ಲ. ಒಂದೊಂದೇ ಕೆಲಸ ಕೈತಪ್ಪಿ ಹೋಯ್ತು.

1990ರ ದಶಕದಲ್ಲಿ ಒಂದು ಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಬಂತು. ಒಳ್ಳೇದೇ. ಗಾಡಿ ಜೋರಾಗಿ ಓಡೋಕೆ ಶುರು ಆದವು. ಜೋರಾಗಿ ಓಡೋ ಗಾಡಿಗೆ ಸಣ್ಣ ಊರು ಬೇಗ ಹಿಂದೆ ಬೀಳುತ್ತೆ.

ಆಮೇಲೆ ಜೋಡಿ ಹಳಿ. ಎರಡು ಹಳಿ ಇದ್ದ ಮೇಲೆ ಎದುರಿನ ಗಾಡಿಗೋಸ್ಕರ ಪಕ್ಕಕ್ಕೆ ಸರಿದು ನಿಲ್ಲೋ ಅವಶ್ಯಕತೆ ಇಲ್ಲ. ಟೋಕನ್ ಚೆಂಡು ಹೋಯ್ತು, ಸಿಗ್ನಲ್ ಕಂಪ್ಯೂಟರಿಗೆ ಬಂತು. ಮೇಲೆ ಕರೆಂಟಿನ ತಂತಿ ಬಂತು. ಇದೆಲ್ಲಾ ಬೇಕಾಗಿತ್ತು. ಇದರಿಂದ ಅಪಘಾತ ಕಡಿಮೆ, ಹೊತ್ತು ಉಳಿತಾಯ. ಆದರೆ ನೆನಪಿಡ್ರಿ: ಸಣ್ಣ ಸ್ಟೇಷನ್ ಹುಟ್ಟಿದ್ದೇ ಯಾವ ಕೆಲಸಕ್ಕೋ ಆ ಕೆಲಸ ಈಗ ಕಡಿಮೆ ಆಯ್ತು. ಉಳಿದದ್ದು ಒಂದೇ, ಜನ ಹತ್ತೋದು ಇಳಿಯೋದು.

ಅದೂ ಅಲ್ಲಾಡಿದ್ದು ಕೋವಿಡ್‌ನಲ್ಲಿ. 2020ರ ಮಾರ್ಚ್‌ನಲ್ಲಿ ಇಡೀ ದೇಶದ ಪ್ಯಾಸೆಂಜರ್ ಗಾಡಿ ನಿಂತವು. ತಿರುಗಿ ಶುರು ಆದಾಗ ಎಷ್ಟೋ ಪ್ಯಾಸೆಂಜರ್‌ಗಳು "ಸ್ಪೆಷಲ್" ಅಂತ ಹೆಸರು ಬದಲಿಸಿಕೊಂಡು ಬಂದವು. ಕನಿಷ್ಠ 10 ರೂಪಾಯಿ ಇದ್ದ ಟಿಕೆಟ್ 30 ರೂಪಾಯಿ. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ಸುಮಾರು ನಾಲ್ಕು ವರ್ಷ! ಅಷ್ಟರಲ್ಲಿ ಜನ ಬ್ಯಾರೆ ದಾರಿ ಹಿಡಿದಿದ್ದರು. ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48. 2023ರ ಜೂನ್‌ನಿಂದ ಶಕ್ತಿ ಯೋಜನೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ. ನಮ್ಮವ್ವ ಈಗ ರೈಲು ಯಾಕೆ ಹತ್ತಬೇಕು ಹೇಳ್ರಿ? ಅವ್ವನ ಲೆಕ್ಕ ತಪ್ಪಲ್ಲ. ಆದರೆ ಅವ್ವನಂಥ ಸಾವಿರ ಮಂದಿಯ ಸರಿಯಾದ ಲೆಕ್ಕ ಸೇರಿದಾಗ ಪ್ಲಾಟ್‌ಫಾರ್ಮು ಖಾಲಿ ಆಗುತ್ತೆ.

ಮೊದಲ ಭಾಗದ ಪ್ರಶ್ನೆಗೆ ಅರ್ಧ ಉತ್ತರ ಇದು. ಬೀಗ ಕೊನೆಗೆ ಬರುತ್ತೆ. ಸಾವು ಮೊದಲೇ ಶುರು ಆಗಿರುತ್ತೆ.

ಭಾಗ 6
📷 ಅರಸಾಳು, ಹೋದ ವರ್ಷದ ಟ್ರಿಪ್‌ನಲ್ಲಿ ತೆಗೆದದ್ದು

"ಏ, ಹಳೆ ಸ್ಟೇಷನ್ನನ್ನ ಮ್ಯೂಸಿಯಂ ಮಾಡಿದ್ರಾತು" ಅಂತ ಹೇಳೋರು ಇದ್ದೀರಿ. ಬರ್ರಿ, ಅದನ್ನೂ ನೋಡೋಣ.

ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿ ಅರಸಾಳು ಅಂತ ಸಣ್ಣ ಸ್ಟೇಷನ್. 1940ರಲ್ಲಿ ತಾಳಗುಪ್ಪ ಮುಟ್ಟಿದ ಹಳಿಯ ಮೇಲೆ, ಕಾಡಿನ ನಡುವೆ. ಶಂಕರ್ ನಾಗ್ ಅವರು ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ದೂರದರ್ಶನಕ್ಕೆ "ಮಾಲ್ಗುಡಿ ಡೇಸ್" ಮಾಡಿದಾಗ, ಊರಿನ ದೃಶ್ಯ ಹೆಚ್ಚಾಗಿ ಆಗುಂಬೆ, ಮಾಲ್ಗುಡಿ ಸ್ಟೇಷನ್ ಮಾತ್ರ ಅರಸಾಳು. ಹೊಸ ಹಳಿ, ಹೊಸ ಕಟ್ಟಡ ಬಂದ ಮೇಲೆ ಹಳೆ ಕಟ್ಟಡ ಪಾಳು ಬಿತ್ತು. ನೈಋತ್ಯ ರೈಲ್ವೆ ಸುಮಾರು 25 ಲಕ್ಷ ರೂಪಾಯಿ ಹಾಕಿ ಅದನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿ 2020ರಲ್ಲಿ ತೆರೆಯಿತು. ಧಾರಾವಾಹಿಯ ಕಲಾ ವಿಭಾಗದಲ್ಲಿ ಕೆಲಸ ಮಾಡಿದ್ದ ಜಾನ್ ದೇವರಾಜ್ ಅವರೇ ಅದಕ್ಕೆ ರೂಪ ಕೊಟ್ಟರು. ಪಕ್ಕದಲ್ಲಿ ಹಳೆ ರೈಲು ಡಬ್ಬಿಯೊಳಗೆ ಚಹಾ.

ನನಗೆ ಭಾಳ ಸೇರಿತು. ಸುಳ್ಳು ಯಾಕ ಹೇಳಲಿ, ನಾನೂ ನಲವತ್ತು ಫೋಟೋ ತೆಗೆದೆ. ಕಟ್ಟಡ ಉಳೀತಲ್ಲ, ಅದೇ ದೊಡ್ಡದು. ಆದರೆ ವಾಪಸ್ ಬಂದು ಫೋಟೋ ನೋಡಿದಾಗ ಒಂದು ಗಮನಕ್ಕ ಬಂತು. ನನ್ನ ನಲವತ್ತು ಫೋಟೋದಲ್ಲಿ ಅರಸಾಳು ಅನ್ನೋ ಹೆಸರು ಒಂದರಲ್ಲೂ ಇಲ್ಲ. ಎಲ್ಲದರಲ್ಲೂ ಮಾಲ್ಗುಡಿ. ಇಲ್ಲದ ಊರಿನ ನೆನಪಿಗೆ ಇದ್ದ ಊರು ಜಾಗ ಬಿಟ್ಟುಕೊಟ್ಟಿದೆ. ಅಲ್ಲಿ ಹತ್ತಿ ಇಳಿದವರು ಯಾರು, ಯಾವ ಸಂತೆಗೆ ಹೋಗ್ತಿದ್ದರು ಅಂತ ನಾನು ಒಬ್ಬರನ್ನೂ ಕೇಳಲಿಲ್ಲ.

ತಪ್ಪು ಮ್ಯೂಸಿಯಂನದಲ್ಲ. ನನ್ನದು.

ಭಾಗ 7
📷 ಬರೀ ಹಳಿ. ಇದಕ್ಕೆ ಫಿಲ್ಟರ್ ಹಾಕಿಲ್ಲ

ಇನ್ನೆರಡು ಉದಾಹರಣೆ.

ಒಂದು, ಬೆಂಗಳೂರು–ಚಿಕ್ಕಬಳ್ಳಾಪುರ ದಾರಿ. 1915ರ ಸುಮಾರಿಗೆ ಬಂದ ಸಣ್ಣ ರೈಲು. ನಂದಿ ಹಾಲ್ಟ್, ಆವತಿಹಳ್ಳಿ, ದೇವನಹಳ್ಳಿ, ದೊಡ್ಡಜಾಲ ಅಂತ ಮುದ್ದಾದ ಪುಟ್ಟ ಸ್ಟೇಷನ್ನುಗಳು. ಕಟ್ಟಡ ಪಾಳು ಬಿದ್ದ ಮೇಲೆ ಪರಂಪರೆ ಕಾಪಾಡೋ ಇನ್‌ಟ್ಯಾಕ್ ಸಂಸ್ಥೆ ದುರಸ್ತಿ ಕೈಗೆತ್ತಿಕೊಂಡಿತು. ಆ ಭಾಗಕ್ಕೆ ಅದೃಷ್ಟ ಐತಿ, ಪಕ್ಕದಲ್ಲಿ ವಿಮಾನ ನಿಲ್ದಾಣ, ಪಕ್ಕದಲ್ಲಿ ರಾಜಧಾನಿ. ನೋಡೋಕೆ ಬರೋರು ಇದ್ದಾರೆ.

ಎರಡು, ಅಳ್ನಾವರ–ದಾಂಡೇಲಿ. 1990ರ ದಶಕದಲ್ಲಿ ಪ್ರಯಾಣಿಕರ ಗಾಡಿ ನಿಂತೇ ಹೋಗಿತ್ತು. ಒಂದು ತಲೆಮಾರು ಅಲ್ಲಿ ರೈಲು ಹತ್ತದೇ ಬೆಳೆಯಿತು. ಜನ ಬಿಡಲಿಲ್ಲ, ಕೇಳ್ತಾ ಕೇಳ್ತಾ ಇದ್ದರು. 2019ರ ನವೆಂಬರ್‌ನಲ್ಲಿ ಧಾರವಾಡದಿಂದ ಅಂಬೇವಾಡಿಗೆ ಮತ್ತೆ ಗಾಡಿ ಬಂತು. ಜನ ಹೂವಿನ ಹಾರ ಹಾಕಿ ಇದಿರುಗೊಂಡರು. ಐದು ತಿಂಗಳೂ ತುಂಬಲಿಲ್ಲ, ಕೋವಿಡ್ ಬಂದು ದೇಶದ ಎಲ್ಲಾ ಗಾಡಿ ಜೊತೆ ಅದೂ ನಿಂತಿತು.

ಈ ಮೂರು ಕಥೆಯಿಂದ ನಾನು ಕಲಿತದ್ದು ಇಷ್ಟು. ಸಿನಿಮಾ ಬಂದ ಸ್ಟೇಷನ್ ಉಳಿಯುತ್ತೆ. ರಾಜಧಾನಿ ಪಕ್ಕದ ಸ್ಟೇಷನ್ ಉಳಿಯುತ್ತೆ. ಉಳಿದವು ಜನ ಕೇಳಿದರೆ ಮಾತ್ರ ಉಳಿಯುತ್ತವೆ, ಅದೂ ಜನ ಕೇಳುತ್ತಲೇ ಇದ್ದರೆ. ನಮ್ಮ ದೇವರಗುಡ್ಡದಲ್ಲಿ ಯಾವ ಧಾರಾವಾಹಿಯೂ ಆಗಿಲ್ಲ. ನಮ್ಮ ಪಕ್ಕದಲ್ಲಿ ವಿಮಾನ ಇಳಿಯಲ್ಲ. ನಮಗ ಇರೋದು ಮೂರನೇ ದಾರಿ ಒಂದೇ.

ಭಾಗ 8
📷 ಇದಕ್ಕೆ ಫೋಟೋ ಇಲ್ಲ

ಈಗ ನನ್ನ ತಪ್ಪು ಒಪ್ಪಿಕೊಳ್ತೀನಿ. ನನ್ನ ಕ್ಲಾಸಿನವರಿಗೆ ಗೊತ್ತಿರೋದೇ.

ಪಿಯುಸಿ ಮುಗಿಸಿ ಡಿಗ್ರಿ ಸೇರಿದ ಮೊದಲ ವರ್ಷ ನಾನು ಟಿಕೆಟ್ ಇಲ್ಲದೆ ರೈಲಿನಲ್ಲಿ ಓಡಾಡೀನಿ. ಒಂದು ಸಲ ಎರಡು ಸಲ ಅಲ್ಲ, ಹೆಚ್ಚು ಕಡಿಮೆ ದಿನಾ. ಬಾಗಿಲಲ್ಲಿ ನಿಂತು, ಟಿಸಿ ಬಂದರೆ ಮುಂದಿನ ಡಬ್ಬಿಗೆ ಹಾರಿ. ಅದನ್ನು ರೀಲ್ ಬೇರೆ ಮಾಡಿದ್ದೆ. ನೀವು ಲೈಕ್ ಬೇರೆ ಕೊಟ್ಟಿದ್ದಿರಿ. ಸಿಕ್ಕಿಬಿದ್ದರೆ ಟಿಕೆಟ್ ದುಡ್ಡಿನ ಜೊತೆ ಕಡಿಮೆ ಅಂದರೂ 250 ರೂಪಾಯಿ ದಂಡ ಅಂತ ಗೊತ್ತಿತ್ತು, ಸಿಕ್ಕಿಬೀಳಲಿಲ್ಲ ಅನ್ನೋದೇ ನನ್ನ ದೊಡ್ಡಸ್ತಿಕೆ.

ಒಂದು ಸಂಜೆ ಊಟಕ್ಕೆ ಕೂತಾಗ ಇದನ್ನ ನಗ್ತಾ ಅಜ್ಜನಿಗೆ ಹೇಳಿದೆ. ಅಜ್ಜ ಬೈಯಲಿಲ್ಲ. ರೊಟ್ಟಿ ಮುರಿಯೋದು ನಿಲ್ಲಿಸಿ ಕೇಳಿದ: "ಇವತ್ತ ಗಾಡಿಗೆ ಎಷ್ಟು ಮಂದಿ ಹತ್ತಿದ್ರಿ?"

"ಹತ್ತು ಹನ್ನೆರಡು ಮಂದಿ ಅಜ್ಜ."

"ಟಿಕೆಟ್ ಎಷ್ಟು ಹರೀತು?"

"ಎರಡೋ ಮೂರೋ."

"ಹಂಗಾರ ಹತ್ತಿದ್ದು ಎರಡ ಮಂದಿ. ಟಿಕೆಟ್ ಇಲ್ಲ ಅಂದ್ರ ನೀ ಬಂದೇ ಇಲ್ಲ."

ಅಷ್ಟೇ ಹೇಳಿ ಊಟ ಮುಂದುವರಿಸಿದ. ನನಗ ಮಾತ್ರ ರೊಟ್ಟಿ ಇಳೀಲಿಲ್ಲ.

ಮೂವತ್ತು ವರ್ಷ ಆ ಹಳಿ ಬಡಿದ ಮನುಷ್ಯ. ಅವನ ಮೊಮ್ಮಗ ದಿನಾ ಅದೇ ಹಳಿ ಮೇಲೆ ಓಡಾಡ್ತಾ, ಲೆಕ್ಕದ ಪುಸ್ತಕದಲ್ಲಿ ಮಾತ್ರ "ಇಲ್ಲಿ ಯಾರೂ ಇಲ್ಲ" ಅಂತ ಬರೆಸ್ತಾ ಇದ್ದ. ಹಾಳು ಬಿದ್ದ ಸ್ಟೇಷನ್ನಿನ ಮುಂದೆ ನಿಂತು ಕಣ್ಣೀರಿನ ಇಮೋಜಿ ಹಾಕೋದು ಸಸಾರ. ಅದನ್ನ ಹಾಳು ಮಾಡಿದೋರಲ್ಲಿ ನಾನೂ ಒಬ್ಬ ಅಂತ ಒಪ್ಪಿಕೊಳ್ಳೋದು ಸಸಾರ ಅಲ್ಲ.

ಭಾಗ 9
📷 ಟಿಕೆಟ್. ಬೆಲೆ 10 ರೂಪಾಯಿ

"ಹತ್ತು ಟಿಕೆಟಿನಿಂದ ಏನಾಗುತ್ತೆ ಗುರು? ರೈಲ್ವೆಗೆ ಲಾಭ ನೋಡಬೇಕಲ್ಲ" ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಓಡೋ ಗಾಡಿ ನಿಲ್ಲಿಸಿ ಮತ್ತೆ ವೇಗಕ್ಕೆ ತರೋಕೆ ಕರೆಂಟು ಖರ್ಚು, ಹೊತ್ತು ಖರ್ಚು, ಹಿಂದಿನ ಗಾಡಿಗೂ ತಡ. ಎಲ್ಲಾ ಗಾಡಿ ಎಲ್ಲಾ ಕಡೆ ನಿಂತರೆ ಬೆಂಗಳೂರು ಮುಟ್ಟೋದು ಮರುದಿನ. ಅದಕ್ಕೇ ನಾನು ವಂದೇ ಭಾರತ್ ನಿಲ್ಲಿಸಿ ಅಂತ ಕೇಳ್ತಿಲ್ಲ. ಸಣ್ಣ ಊರಿಗೆ ಬೇಕಾದ್ದು ನಿಧಾನದ ಗಾಡಿ. ಬೆಳಿಗ್ಗೆ ಕಾಲೇಜಿಗೆ, ಆಸ್ಪತ್ರೆಗೆ, ಪೇಟೆಗೆ ಹೋಗೋಕೆ ಒಂದು, ಸಂಜೆ ತಿರುಗಿ ಬರೋಕೆ ಒಂದು, ಜನಕ್ಕೆ ಹೊಂದೋ ಹೊತ್ತಿಗೆ.

ಅದನ್ನು ಕೇಳೋಕೆ ನಮ್ಮ ಕೈಯಲ್ಲಿ ಇರೋ ಸಾಕ್ಷಿ ಟಿಕೆಟ್ ಒಂದೇ. ಒಂದು ನಿಲುಗಡೆ ಇರಬೇಕೋ ಬ್ಯಾಡೋ ಅಂತ ನೋಡೋವಾಗ ಮೊದಲು ಕೇಳೋದು, ಇಲ್ಲಿಂದ ಎಷ್ಟು ಟಿಕೆಟ್ ಹೋಗಿದೆ ಅಂತ. ಟಿಕೆಟ್ ಅಂದರೆ ನಿಮ್ಮ ಊರ ಸ್ಟೇಷನ್ನಿಗೆ ಹಾಕೋ ವೋಟು. ಐದು ವರ್ಷಕ್ಕೊಮ್ಮೆ ಅಲ್ಲ, ದಿನಾ ಹಾಕಬಹುದು.

ಪಕ್ಕದ ತೆಲಂಗಾಣದ ನೆಕ್ಕೊಂಡ ಊರಿನ ಜನ ಇದನ್ನ ಮಾಡಿ ತೋರಿಸಿದರು. ತಮ್ಮ ಊರಲ್ಲಿ ಒಂದು ಎಕ್ಸ್‌ಪ್ರೆಸ್ ನಿಲ್ಲಬೇಕಾದರೆ ಇಷ್ಟು ಆದಾಯ ಬರಬೇಕು ಅಂತ ಆದಾಗ, ವಾಟ್ಸ್‌ಆ್ಯಪ್ ಗುಂಪು ಕಟ್ಟಿ, ಚಂದಾ ಎತ್ತಿ, ಪ್ರಯಾಣ ಇಲ್ಲದಿದ್ದರೂ ದಿನಾ ಟಿಕೆಟ್ ಕೊಂಡರು. 2024ರಲ್ಲಿ ದೇಶದ ತುಂಬಾ ಸುದ್ದಿ ಆಯ್ತು. ಖಾಲಿ ಟಿಕೆಟ್ ಕೊಳ್ಳೋದು ಸರಿಯಾದ ದಾರಿ ಅಂತ ನಾನು ಹೇಳಲ್ಲ. ಆದರೆ ಪ್ರಯಾಣ ಮಾಡದವರೇ ಟಿಕೆಟ್ ಕೊಳ್ಳುವಾಗ, ಪ್ರಯಾಣ ಮಾಡೋ ನಾವು ಕೊಳ್ಳದೇ ಇರೋದು ಎಂಥಾ ನಾಚಿಕೆ!

ಜಪಾನಿನ ಕಥೆ ನೀವೆಲ್ಲಾ ಶೇರ್ ಮಾಡೀರಿ. ಹೊಕ್ಕೈಡೊದ ಕ್ಯೂ-ಶಿರಾತಾಕಿ ಸ್ಟೇಷನ್, ಒಬ್ಬ ಶಾಲೆ ಹುಡುಗಿಗೋಸ್ಕರ ಉಳಿಸಿದ್ದು ಅಂತ. ಆ ಕಥೆ ಸ್ವಲ್ಪ ಉಬ್ಬಿಸಿದ್ದು. ಹೊಸ ವೇಳಾಪಟ್ಟಿ ಬಂದ 2016ರ ಮಾರ್ಚ್‌ನಲ್ಲಿ ಸ್ಟೇಷನ್ ಮುಚ್ಚಿತು, ಅದೇ ಹೊತ್ತಿಗೆ ಅವಳ ಓದೂ ಮುಗಿದಿತ್ತು. ನಮಗ ಸುಮಾರು ಏಳು ಸಾವಿರ ಕಿಲೋಮೀಟರ್ ದೂರದ ಸ್ಟೇಷನ್ನಿನ ಮೇಲೆ ಅಷ್ಟು ಕಕ್ಕುಲಾತಿ. ರಾಣೆಬೆನ್ನೂರಿನ ಪಕ್ಕದ ಸ್ಟೇಷನ್ನಿನ ಹೆಸರು ಕೇಳಿದರೆ "ಐತೇನು?" ಅಂತೀವಿ.

ಭಾಗ 10, ಕೊನೇದು
📷 ಸಂಜೆ, ಅದೇ ಬೋರ್ಡು, ಈ ಸಲ ಅಜ್ಜನ ಜೊತೆ

ಹಂಗಾರ ಏನು ಮಾಡೋಣ? ದೊಡ್ಡ ಹೋರಾಟ, ರಸ್ತೆ ತಡೆ ಅಂತ ನಾನು ಹೇಳಲ್ಲ. ನಾಲ್ಕೇ ಕೆಲಸ.

ಒಂದು: ನಿಮ್ಮ ಊರಿಗೆ ಹತ್ತಿರದ ಸಣ್ಣ ಸ್ಟೇಷನ್ ಯಾವುದು, ಅಲ್ಲಿ ಯಾವ ಗಾಡಿ ಯಾವ ಹೊತ್ತಿಗೆ ನಿಲ್ಲುತ್ತೆ ಅಂತ ಇವತ್ತೇ ನೋಡ್ರಿ. ಆ ಹೊತ್ತು ನಿಮಗೆ ಹೊಂದಿದರೆ ತಿಂಗಳಿಗೆ ಒಂದು ಸಲ ಆದರೂ ಅಲ್ಲಿಂದಲೇ ಹತ್ತಿ.

ಎರಡು: ಟಿಕೆಟ್ ತಗೊಳ್ರಿ. ದಿನಾ ಓಡಾಡೋರು ತಿಂಗಳ ಪಾಸ್ ಮಾಡಿಸ್ರಿ. ಮನೆಯಿಂದ ಕಾಲೇಜಿಗೆ ಹೋಗೋಕೆ ಹುಡುಗಿಯರಿಗೆ ಡಿಗ್ರಿ ತನಕ, ಹುಡುಗರಿಗೆ ಪಿಯುಸಿ ತನಕ ಸೆಕೆಂಡ್ ಕ್ಲಾಸ್ ಪಾಸ್ ಪುಕ್ಕಟೆ ಕೊಡೋ ಪದ್ಧತಿ ರೈಲ್ವೆಯಲ್ಲಿ ಐತಿ. ಕಾಲೇಜಿನಿಂದ ಪತ್ರ ಬೇಕು ಅಷ್ಟೇ. ಪುಕ್ಕಟೆ ಪಾಸೂ ಲೆಕ್ಕಕ್ಕೆ ಬರುತ್ತೆ. ಟಿಕೆಟ್ ಇಲ್ಲದ ನೀವು ಬರಲ್ಲ.

ಮೂರು: ಗಾಡಿ ಹೊತ್ತು ಹೊಂದಲ್ಲ ಅಂದರೆ ಬರೆದು ಕೇಳ್ರಿ. ನಮ್ಮದು ಮೈಸೂರು ವಿಭಾಗ, ನೈಋತ್ಯ ರೈಲ್ವೆ, ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ. ಒಬ್ಬರೇ ಬರೆದರೆ ಪತ್ರ, ಐವತ್ತು ಮಂದಿ ಟಿಕೆಟ್ ಲೆಕ್ಕ ಇಟ್ಟು ಬರೆದರೆ ಬೇಡಿಕೆ.

ನಾಲ್ಕು: ನಿಮ್ಮ ಮನೆಯ ಹಿರಿಯರನ್ನ ಒಂದು ಸಂಜೆ ಕೂರಿಸಿಕೊಂಡು ಕೇಳ್ರಿ, ಆ ಸ್ಟೇಷನ್ನಿನಲ್ಲಿ ಇಳಿದು ಎಲ್ಲಿಗೆ ಹೋಗ್ತಿದ್ದಿರಿ ಅಂತ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ರಿ. ಅರಸಾಳಿನಲ್ಲಿ ನಾನು ಮಾಡದೇ ಬಂದ ಕೆಲಸ ಅದು.

ಕಾರ್ಣಿಕದ ಹೊತ್ತಿಗೆ ಗೊರವಯ್ಯ ಬಿಲ್ಲಿನ ಮೇಲೆ ನಿಂತು "ಸದ್ದಲೇ" ಅಂತಾನೆ. ಸಾವಿರಾರು ಮಂದಿ ಒಂದೇ ಕ್ಷಣಕ್ಕೆ ಸುಮ್ಮನಾಗ್ತಾರೆ. ಆ ಮೌನದಲ್ಲಿ ಮುಂದೇನೋ ಮಾತು ಬರೋದೈತಿ ಅಂತ ಎಲ್ಲರಿಗೂ ಗೊತ್ತು. ಸ್ಟೇಷನ್ನಿನ ಮೌನದಲ್ಲೂ ಮುಂದಿನ ಮಾತು ಬರಬಹುದು, ಆದರೆ ಅದನ್ನ ಆಡಬೇಕಾದೋರು ನಾವು.

ನಿನ್ನೆ ಅಜ್ಜನನ್ನ ಕರಕೊಂಡು ಹೋಗಿದ್ದೆ. ಬೋರ್ಡಿನ ಮುಂದೆ ಫೋಟೋಕ್ಕ ನಿಲ್ಲು ಅಂದೆ. ನಿಂತ. ಆಮೇಲೆ ಹಳಿ ಕಡೆ ನೋಡಿ ಹೇಳಿದ, "ಕೀಲು ಚಲೋ ಬಿಗಿದಾರ." ಅಷ್ಟೇ.

ಟಿಕೆಟ್ ಎರಡು ತಗೊಂಡೆ. ಇಬ್ಬರೂ ಬಂದಿದ್ದೆವು ಅಂತ ಈಗ ಲೆಕ್ಕದಲ್ಲೂ ಐತಿ.

ನಿಮ್ಮ ಊರ ಸಣ್ಣ ಸ್ಟೇಷನ್ನಿನ ಹೆಸರು ಕೆಳಗ ಬರೀರಿ. ಚಳಗೇರಿ, ಕರಜಗಿ, ಯಲವಿಗಿ, ಗುಡಗೇರಿ, ಸಂಶಿ, ಕುಂದಗೋಳ, ಯಾವುದೇ ಇರಲಿ. ಮುಂದಿನ ಸರಣಿಯ ಮೊದಲ ಫೋಟೋ ಅದರಲ್ಲಿ ಒಂದರದ್ದು, ಮತ್ತ ನಾನು ಅಲ್ಲಿಗೆ ರೈಲಿನಲ್ಲೇ ಬರ್ತೀನಿ.

#ದೇವರಗುಡ್ಡ #ಸಣ್ಣಸ್ಟೇಷನ್ #ನಮ್ಮಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ಟಿಕೆಟ್ತಗೊಳ್ರಿ